ನೋವಿಲ್ಲದ ರಕ್ತ, ದಾಟಬಾರದ ಹೊಳೆ

ನಮ್ಮ ಅತ್ತೆಯ ಪ್ರಕಾರ ಮನುಷ್ಯರಿಗೆ ಬರುವ ಕಾಯಿಲೆಗಳಿಗೆಲ್ಲ ಎರಡೇ ಕಾರಣ. ಒಂದು ಉಷ್ಣ, ಇನ್ನೊಂದು ಶೀತ. ಕಣ್ಣು ಕೆಂಪಾದರೆ ಉಷ್ಣ, ಮೂಗು ಸೋರಿದರೆ ಶೀತ, ಬಾಯಲ್ಲಿ ಹುಣ್ಣಾದರೆ ಉಷ್ಣ, ಸೊಂಟ ಹಿಡಿದರೆ ಶೀತ. ನನಗೆ ಸಿಟ್ಟು ಬಂದರೆ ಅದೂ ಉಷ್ಣವೇ. ಆ ಲೆಕ್ಕದಲ್ಲಿ ನಾನು ಮದುವೆಯಾಗಿ ಆ ಮನೆಗೆ ಕಾಲಿಟ್ಟ ದಿನದಿಂದ ಕಾದ ಹೆಂಚಿನ ಮೇಲೇ ಇದ್ದೆ. ಅತ್ತೆ ನನ್ನ ನೆತ್ತಿಗೆ ಹರಳೆಣ್ಣೆ ತಟ್ಟಿ ತಟ್ಟಿ ದಿಂಬಿನ ಕವರುಗಳೆಲ್ಲ ಜಿಡ್ಡು ಹಿಡಿದಿದ್ದವು.

ನಾನು ನಂಜನಗೂಡಿನವಳು. ನಮ್ಮ ತವರುಮನೆ ಕಪಿಲಾ ನದಿಯ ಸ್ನಾನಘಟ್ಟಕ್ಕೆ ಹತ್ತಿರ. ಬಟ್ಟೆ ಒಗೆದದ್ದು, ಈಜು ಕಲಿತದ್ದು, ಗೆಳತಿಯರ ಜೊತೆ ಜಗಳವಾಡಿ ರಾಜಿಯಾದದ್ದು ಎಲ್ಲ ಆ ಹೊಳೆಯಲ್ಲೇ. ಮದುವೆಯಾಗಿ ಹೋದದ್ದು ತಿರುಮಕೂಡಲು ನರಸೀಪುರ ತಾಲ್ಲೂಕಿನಲ್ಲಿ, ಮೂಗೂರಿನ ಆಚೆಗಿರುವ ಒಂದು ಹಳ್ಳಿಗೆ. ಗಂಡ ಆ ಊರಿನ ಹಾಲಿನ ಡೈರಿಯ ಕಾರ್ಯದರ್ಶಿ. ಮಾವ ನಾನು ಹೋಗುವ ಮುಂಚೆಯೇ ತೀರಿಕೊಂಡಿದ್ದರು. ಹೊಲ, ದನ, ಮಗ, ಸೊಸೆ ಎಲ್ಲದರ ಯಜಮಾನಿಕೆ ಅತ್ತೆಯದು. ಬೆಳಗ್ಗೆ ಲಿಂಗಪೂಜೆ ಮುಗಿಸಿ, ಹಣೆ ತುಂಬ ವಿಭೂತಿ ಧರಿಸಿ ಬೀದಿಗೆ ಬಂದರೆಂದರೆ ಬೀಡಿ ಸೇದುತ್ತಿದ್ದ ಗಂಡಸರು ಬೀಡಿ ಬಚ್ಚಿಡುತ್ತಿದ್ದರು.

ಇಂಥ ಹೆಂಗಸಿಗೆ ಭಯವಿದ್ದದ್ದು ಒಂದೇ ಒಂದಕ್ಕೆ, ಹೊಳೆಗೆ. ಬಸುರಿ ಹೆಂಗಸು ಹೊಳೆ ದಾಟಬಾರದು ಅನ್ನುವ ಮಾತು ನಮ್ಮ ಕಡೆ ಎಲ್ಲ ಮನೆಗಳಲ್ಲೂ ಇತ್ತು. ಬೇರೆಯವರು ಬಾಯಲ್ಲಿ ಹೇಳಿ, ಸೇತುವೆ ಮೇಲೆ ಬಸ್ಸಿನಲ್ಲಿ ಹೋಗುವಾಗ ಕೈ ಮುಗಿದು ದಾಟಿಬಿಡುತ್ತಿದ್ದರು. ನಮ್ಮ ಅತ್ತೆ ಹಾಗಲ್ಲ. ನನ್ನ ಚೊಚ್ಚಲ ಬಸುರಿನಲ್ಲಿ ಬಳೆ ತೊಡಿಸಿ ತವರಿಗೆ ಕಳಿಸುವಾಗ, ಎಲ್ಲಿಯೂ ಕಪಿಲೆ ಅಡ್ಡ ಬರಬಾರದೆಂದು ಬದನವಾಳಿನ ಮೇಲೆ ಸುತ್ತಿಸಿ ಕಳಿಸಿದರು. ಹಬ್ಬಹರಿದಿನಗಳಲ್ಲಿ ಊರಿಗೆ ಊರೇ ಕಪಿಲೆ ಕಾವೇರಿ ಕೂಡುವ ಸಂಗಮದ ಸ್ನಾನಕ್ಕೆ ಹೊರಟರೂ ಇವರು ಕೊಟ್ಟಿಗೆ ಗುಡಿಸುತ್ತ ಉಳಿದುಬಿಡುತ್ತಿದ್ದರು. ಹೊಳೆಯಲ್ಲೇ ಬೆಳೆದ ನನಗೆ ಇದು ಬಹಳ ತಮಾಷೆಯಾಗಿ ಕಾಣುತ್ತಿತ್ತು. ಏಕೆಂದು ಕೇಳಿದರೆ ಅವರ ಮುಖ ಗಂಟಿಕ್ಕುತ್ತಿತ್ತು, ನಾನೂ ಸುಮ್ಮನಾಗುತ್ತಿದ್ದೆ.

ಎರಡನೆಯ ಸಲ ನಾನು ಬಸುರಿಯಾದದ್ದು ತೊಂಬತ್ತರ ದಶಕದ ಕೊನೆಯಲ್ಲಿ. ಚೊಚ್ಚಲು ತವರಿನಲ್ಲಿ, ಎರಡನೆಯದು ಗಂಡನ ಮನೆಯಲ್ಲಿ ಎನ್ನುವುದು ಪದ್ಧತಿ. ಹಾಗಾಗಿ ನಾನು ಹಳ್ಳಿಯಲ್ಲೇ ಉಳಿದೆ. ಮೊದಲನೆಯ ಮಗ ಸರಾಗವಾಗಿ ಹುಟ್ಟಿದ್ದ. ಇದೂ ಹಾಗೇ ಆಗುತ್ತದೆ ಎಂದು ನಾನೂ ನಂಬಿದ್ದೆ. ಹೊಟ್ಟೆಯ ಸ್ಕ್ಯಾನಿಂಗ್ ಅನ್ನುವುದು ಆಗ ಪೇಟೆಯವರ ಮಾತು, ನಮ್ಮ ಊರಿನಲ್ಲಿ ಅದನ್ನು ಮಾಡಿಸಿಕೊಂಡವರು ಯಾರೂ ಇರಲಿಲ್ಲ.

ಎಂಟು ತಿಂಗಳು ತುಂಬಿತ್ತು. ಅವರೆಕಾಯಿಯ ಕಾಲ. ಮಧ್ಯಾಹ್ನ ಹಿತ್ತಲ ಬಿಸಿಲಿನಲ್ಲಿ ಕೂತು ನೆನೆಸಿದ ಅವರೆಕಾಳು ಹಿತಕುತ್ತಿದ್ದೆ. ಎದ್ದು ನಿಂತಾಗ ತೊಡೆಯ ಮೇಲೆ ಬೆಚ್ಚಗೆ ಏನೋ ಇಳಿದಂತಾಯಿತು. ನೋಡಿದರೆ ರಕ್ತ. ಕೆಂಪು ಅಂದರೆ ಕೆಂಪು, ಆಗತಾನೆ ಕೈ ಕುಯ್ದುಕೊಂಡ ಹಾಗೆ. ನೋವು ಒಂದಿಷ್ಟೂ ಇಲ್ಲ. ನೋವಿಲ್ಲದ್ದರಿಂದಲೇ ನನಗೆ ಹೆಚ್ಚು ಹೆದರಿಕೆಯಾಯಿತು, ಯಾರದೋ ರಕ್ತ ನನ್ನ ಮೈಮೇಲೆ ಹರಿಯುತ್ತಿದೆ ಅನ್ನಿಸಿತು.

"ಅತ್ತೇ!" ಎಂದು ಕೂಗಿದೆ.

ಅತ್ತೆ ಕೊಟ್ಟಿಗೆಯಿಂದ ಓಡಿ ಬಂದರು. ಕೆಳಗೆ ಬಿದ್ದಿದ್ದ ಹನಿಗಳನ್ನು ನೋಡಿದರು. ಒಂದು ಗಳಿಗೆ ಅವರ ಬಣ್ಣವೇ ಬದಲಾಯಿತು. ಆಮೇಲೆ ಸಾವರಿಸಿಕೊಂಡು ಕೇಳಿದರು:

"ನೋವದಾ?"

"ಇಲ್ಲ ಅತ್ತೆ, ಒಂಚೂರೂ ಇಲ್ಲ."

"ನೋವಿಲ್ಲ ಅಂದ್ಮ್ಯಾಕೆ ಎದ್ರಿಕೆ ಯಾಕಮ್ಮಿ? ಎರಿಗೆ ಆಗೋ ಅಂಗಿದ್ರೆ ನೋಯ್ಬೇಕು. ಇದು ಉಷ್ಣ."

"ಈ ಚಳಿಗಾಲದಲ್ಲಿ ಉಷ್ಣ ಎಲ್ಲಿಂದ ಬಂತು?"

"ಒರಗಿನ ಚಳಿಗೂ ಒಳಗಿನ ಉಷ್ಣಕ್ಕೂ ಏನಮ್ಮಿ ಸಂಬಂದ? ಸುಮ್ನೆ ಮಲಿಕೋ."

ನೆತ್ತಿಗೆ ಹರಳೆಣ್ಣೆ ಬಿತ್ತು. ಎಳನೀರು ಬಂತು, ಹೆಸರುಬೇಳೆ ಪಾಯಸ ಬಂತು, ಕಾಮಕಸ್ತೂರಿ ಬೀಜ ನೆನೆಸಿದ ನೀರು ಬಂತು. ಆ ಚಳಿಯಲ್ಲಿ ಅದನ್ನೆಲ್ಲ ಕುಡಿದು ನಾನು ಗಡಗಡ ನಡುಗಿದೆ. ಸಂಜೆಯ ಹೊತ್ತಿಗೆ ರಕ್ತ ತಾನಾಗಿಯೇ ನಿಂತಿತು. ಅತ್ತೆ ಗೆದ್ದರು. "ನಾನೇಳ್ಲಿಲ್ವಾ?" ಎಂದು ಅಕ್ಕಪಕ್ಕದ ಮನೆಗಳಿಗೆಲ್ಲ ಕೇಳುವಂತೆ ಹೇಳಿದರು. ನಾನೂ ಬದುಕಿದೆ ಅಂದುಕೊಂಡು ನಿಟ್ಟುಸಿರು ಬಿಟ್ಟೆ.

ಆ ವಾರ ನರ್ಸಮ್ಮ ಬಂದರು. ಆರೋಗ್ಯ ಉಪಕೇಂದ್ರದ ಸರ್ಕಾರಿ ನರ್ಸು, ವಾರಕ್ಕೊಮ್ಮೆ ನಮ್ಮ ಊರಿನ ಮನೆಮನೆ ಸುತ್ತುತ್ತಿದ್ದರು. ನಾನು ವಿಷಯ ಹೇಳಿದ್ದೇ ತಡ, ಕೊಟ್ಟ ಕಾಫಿ ಲೋಟವನ್ನು ಹಾಗೇ ಕೆಳಗಿಟ್ಟು ಪ್ರಶ್ನೆಗಳ ಮಳೆ ಸುರಿಸಿದರು. ರಕ್ತ ಕೆಂಪಗಿತ್ತಾ, ಕಪ್ಪಗಿತ್ತಾ? ಲೋಳೆ ಬೆರೆತು ಅಂಟಂಟಾಗಿತ್ತಾ, ನೀರಿನ ಥರ ಹರೀತಾ? ಎಲ್ಲಾದರೂ ಬಿದ್ದಿದ್ಯಾ? ಹೊಟ್ಟೆ ನೋವಿತ್ತಾ? ಕೈಕಾಲು ಊದಿದ್ಯಾ? ಮಗು ಒದೀತಾ ಇದ್ಯಾ? ಆಮೇಲೆ ನನ್ನ ಗಂಡನನ್ನು ಹೊರಗೆ ಕಳಿಸಿ ಇನ್ನೊಂದು ಪ್ರಶ್ನೆ ಕೇಳಿದರು. ಅದನ್ನು ಕೇಳಿ ನಾನು ಸೆರಗಿನಿಂದ ಮುಖ ಮುಚ್ಚಿಕೊಂಡೆ.

"ನಾಚಿಕೊಂಡ್ರೆ ಆಗಲ್ಲ," ಅಂದರು. "ಗಂಡ ಹೆಂಡತಿ ಸೇರಿದ್ರೂ ಕೆಲವರಿಗೆ ಸ್ವಲ್ಪ ರಕ್ತ ಕಾಣಿಸುತ್ತೆ. ಗರ್ಭದ ಬಾಯಲ್ಲಿ ಹುಣ್ಣಿದ್ರೂ ಕಾಣಿಸುತ್ತೆ. ಎಲ್ಲಾನೂ ಕೇಳ್ಲೇಬೇಕು."

ಮಲಗಿಸಿ ಹೊಟ್ಟೆಯನ್ನು ಮೆಲ್ಲಗೆ ಮುಟ್ಟಿ ನೋಡಿದರು. ಹೊಟ್ಟೆ ಮೆತ್ತಗಿತ್ತು. ಮಗುವಿನ ತಲೆ ಕೆಳಗೆ ಬರಬೇಕಾದ ಕಡೆ ಬಂದಿರಲಿಲ್ಲ, ಮಗು ಅಡ್ಡಡ್ಡ ಮಲಗಿತ್ತು. ಅದನ್ನು ಗುರುತಿಸಿದ ಮೇಲೆ ನರ್ಸಮ್ಮ ಅತ್ತೆಯನ್ನೂ ಗಂಡನನ್ನೂ ಕರೆದು ಕೂರಿಸಿಕೊಂಡು ಬಿಡಿಸಿ ಹೇಳಿದರು. ದಿನ ತುಂಬಿದಾಗ ಲೋಳೆಯ ಜೊತೆ ಒಂದಿಷ್ಟು ರಕ್ತದ ಗೆರೆ ಕಂಡು, ಬಂದು ಹೋಗುವ ನೋವು ಶುರುವಾದರೆ ಅದು ಹೆರಿಗೆಯ ಸೂಚನೆ. ಹೊಟ್ಟೆ ಕಲ್ಲಿನ ಹಾಗೆ ಬಿಗಿದುಕೊಂಡು, ಬಿಡುವೇ ಇಲ್ಲದೆ ನೋಯುತ್ತ ರಕ್ತ ಬಂದರೆ, ಮಗುವಿಗೆ ಅನ್ನ ಉಸಿರು ಕೊಡುವ ಮಾಸು ಹೊತ್ತಿಗೆ ಮುಂಚೆಯೇ ಗರ್ಭದ ಗೋಡೆಯಿಂದ ಕಿತ್ತುಕೊಳ್ಳುತ್ತಿದೆ ಎಂದು ಅರ್ಥ. ಆಗ ಹೊರಗೆ ಕಾಣುವುದು ಸ್ವಲ್ಪವೇ ಇದ್ದರೂ ಒಳಗೆ ಬಹಳ ರಕ್ತ ತುಂಬಿಕೊಂಡಿರಬಹುದು. ಇನ್ನು ಹೀಗೆ ನೋವೇ ಇಲ್ಲದೆ ಕೆಂಪು ರಕ್ತ ಹರಿದರೆ, ಮೇಲೆ ಅಂಟಿಕೊಳ್ಳಬೇಕಾದ ಮಾಸು ಕೆಳಗೆ, ಗರ್ಭದ ಬಾಯಿಯ ಹತ್ತಿರವೇ ಅಂಟಿಕೊಂಡಿರಬಹುದು.

"ಬಾಗಿಲ ಹೊಸ್ತಿಲಿಗೆ ಅಡ್ಡ ಯಾರೋ ಮಲಗಿದ ಹಾಗೆ," ಅಂದರು ನರ್ಸಮ್ಮ. "ಮಗು ಹೊರಗೆ ಬರೋದೆಲ್ಲಿಂದ? ಯಾವುದು ಏನು ಅಂತ ಮನೇಲಿ ಕೂತು ತೀರ್ಮಾನ ಮಾಡೋಕಾಗಲ್ಲ. ನಾನೂ ಊಹೆ ಮಾಡಬಹುದು ಅಷ್ಟೆ. ಸ್ಕ್ಯಾನಿಂಗ್ ಆಗ್ಬೇಕು. ಅಲ್ಲಿವರೆಗೆ ಯಾರೂ, ನೆನಪಿಟ್ಕೊಳ್ಳಿ, ಯಾರೂ ಒಳಗೆ ಕೈ ಹಾಕಿ ನೋಡ್ಬಾರ್ದು. ಹಾಕಿದ್ರೆ ರಕ್ತ ಕಟ್ಟೆ ಒಡೆದ ಹಾಗೆ ಹರಿಯುತ್ತೆ."

"ನಿಂತೋಗದಲ್ಲ ಬುಡು ನರ್ಸಮ್ಮ, ಎಳ್ನೀರಿಗೆ ನಿಂತೋಯ್ತು," ಅಂದರು ಅತ್ತೆ.

"ತಾನಾಗೇ ನಿಲ್ಲೋದೇ ಇದರ ಮೋಸ ಅಮ್ಮ. ಎಳನೀರು ಕೊಡದಿದ್ರೂ ನಿಲ್ತಿತ್ತು. ಮೊದಲ ಸಲ ಬಂದು ಹೆದರಿಸಿ ಹೋಗುತ್ತೆ. ಮುಂದಿನ ಸಲ ನಿಲ್ಲುತ್ತೆ ಅಂತ ಯಾರು ಹೇಳೋರು? ಮೈಸೂರಿಗೆ ಕರ್ಕೊಂಡು ಹೋಗಿ. ಆಪರೇಷನ್ ಬೇಕಾಗಬಹುದು, ರಕ್ತ ಬೇಕಾಗಬಹುದು, ಅದೆಲ್ಲ ಇರೋದು ಅಲ್ಲೇ."

"ಮೈಸೂರಾ? ಅಂಗಂದ್ರೆ ಒಳೆ ದಾಟ್ಬೇಕು."

"ಸೇತುವೆ ಇದೆಯಲ್ಲಮ್ಮ."

"ಸೇತ್ವೆ ಮ್ಯಾಲೆ ಓದ್ರೂ ಒಳೆ ಒಳೇನೆ." ಅತ್ತೆ ಎದ್ದು ನಿಂತರು. ಅವರ ಧ್ವನಿ ಇದ್ದಕ್ಕಿದ್ದಂತೆ ಒಡೆಯಿತು. "ದಾಟಿ ಒಂದು ಕೂಸ ಕಳ್ಕಂಡಿವ್ನಿ ನಾನು. ನೀನು ಕಳ್ಕಂಡಿದ್ದೀಯಾ?"

ಗಂಡನ ಮುಖ ನೋಡಿದೆ, ಅವರಿಗೂ ಇದು ಹೊಸ ಸುದ್ದಿ. ಅತ್ತೆ ಸೆರಗು ಕೊಡವಿಕೊಂಡು ಕೊಟ್ಟಿಗೆಗೆ ಹೊರಟುಹೋದರು. ನರ್ಸಮ್ಮ ಹೊರಡುವಾಗ ನನ್ನ ಕೈ ಹಿಡಿದುಕೊಂಡು, ಭಾರ ಎತ್ತಬೇಡ, ಗಂಡನನ್ನು ಹತ್ತಿರ ಸೇರಿಸಬೇಡ, ಮತ್ತೆ ಒಂದು ಹನಿ ಕಂಡರೂ ಗಾಡಿ ಹತ್ತು, ಯಾರ ಅಪ್ಪಣೆಗೂ ಕಾಯಬೇಡ ಎಂದು ಹೇಳಿ ಹೋದರು.

ಮುಂದಿನ ದಿನಗಳಲ್ಲಿ ನಮ್ಮ ಮನೆಯಲ್ಲಿ ಮಾತಿಗಿಂತ ಪಾತ್ರೆಗಳ ಸದ್ದೇ ಜಾಸ್ತಿಯಾಯಿತು. ನಾನು ಹೋಗಲೇಬೇಕು ಅನ್ನುತ್ತಿದ್ದೆ. ಅತ್ತೆ ಕೂಡದು ಅನ್ನುತ್ತಿದ್ದರು. ಗಂಡ ಅಡಕತ್ತರಿಯಲ್ಲಿ ಸಿಕ್ಕಿಕೊಂಡು, ಬೆಳಗ್ಗೆ ನನಗೆ ತಲೆಯಾಡಿಸಿ ಸಂಜೆ ಅವ್ವನಿಗೆ ತಲೆಯಾಡಿಸುತ್ತಿದ್ದರು. ಕೊನೆಗೆ, "ಸೋಮವಾರ ಹೋಗೋದೇ, ಅವ್ವನ ಒಪ್ಪಿಸ್ತೀನಿ" ಎಂದು ಮಾತು ಕೊಟ್ಟರು. ಸೋಮವಾರದವರೆಗೆ ಕಾಯುವ ಯೋಗ ನನಗಿರಲಿಲ್ಲ.

ಬೆಳಗ್ಗೆ ಡೈರಿಯಲ್ಲಿ ಹಾಲು ಅಳೆಯುವ ಹೊತ್ತು. ನಾನು ಹಾಸಿಗೆಯಿಂದ ಎದ್ದು ಕೂತೆ, ಅಷ್ಟೆ. ಈ ಸಲ ಹನಿಗಳಲ್ಲ. ಸೀರೆ, ಹಾಸಿಗೆ, ನೆಲ ಎಲ್ಲ ಕೆಂಪು. ಈಗಲೂ ನೋವಿಲ್ಲ. ಹೊಟ್ಟೆಯೊಳಗೆ ಮಗು ಒದೆಯುತ್ತಿತ್ತು. ಆ ಒದೆತವೊಂದೇ ನನಗೆ ಧೈರ್ಯ. ಅದಕ್ಕೆ ಏನೂ ಗೊತ್ತಿಲ್ಲ, ಅದು ಬದುಕಬೇಕು ಅಂತಿದೆ ಅನ್ನಿಸಿ ಅಳು ಬಂತು.

ಅತ್ತೆ ಬಾಗಿಲಲ್ಲಿ ನಿಂತಿದ್ದರು. "ಸೂಲಗಿತ್ತೀನ ಕರೀತೀನಿ ತಡಿ, ಕೈ ಹಾಕಿ ನೋಡ್ಲಿ ಏನಾಗದೆ ಅಂತ," ಎಂದು ತಿರುಗಿದರು.

ನನಗೆ ಎಲ್ಲಿತ್ತೋ ಸಿಟ್ಟು. "ಯಾರಾದ್ರೂ ನನ್ನ ಮುಟ್ಟಿದ್ರೆ ನಾನು ಸುಮ್ನಿರಲ್ಲ!" ಎಂದು ಕಿರುಚಿದೆ. "ನನ್ನ ಮಗು ಇನ್ನೂ ಒದೀತಾ ಇದೆ ಅತ್ತೆ. ನಾನು ಹೊಳೆ ದಾಟ್ತೀನಿ. ನೀವು ಬಂದ್ರೂ ಸರಿ, ಬರದಿದ್ರೂ ಸರಿ."

ಅತ್ತೆ ನನ್ನನ್ನೇ ನೋಡಿದರು. ಆಮೇಲೆ ನೆಲದ ಮೇಲಿನ ರಕ್ತ ನೋಡಿದರು. ಆ ಹೆಂಗಸು ಬೀದಿಗೆ ನುಗ್ಗಿದ ರಭಸ ಇದೆಯಲ್ಲ, ಅದನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ.

"ಲೇ, ನಿಲ್ಸಲಾ ಆಲಿನ ವ್ಯಾನ! ಕ್ಯಾನ್ ಇಳ್ಸ್ರಲಾ ಎಲ್ಲ!"

ಶೀತಲ ಕೇಂದ್ರಕ್ಕೆ ಹಾಲು ಸಾಗಿಸುವ ವ್ಯಾನು ಆಗತಾನೆ ತುಂಬಿ ಹೊರಟಿತ್ತು. ಡ್ರೈವರು ಏನೋ ಹೇಳಲು ಬಾಯಿ ತೆರೆದ. ಅತ್ತೆಯ ಮುಖ ನೋಡಿ ಮುಚ್ಚಿದ. ಊರಿನ ಜನವೇ ಸೇರಿ ತಮ್ಮ ತಮ್ಮ ಮನೆಯ ಹಾಲು ತುಂಬಿದ ಕ್ಯಾನುಗಳನ್ನು ರಸ್ತೆ ಬದಿಗೆ ಇಳಿಸಿದರು. ಆ ದಿನದ ಹಾಲೆಲ್ಲ ಕೆಟ್ಟಿತು ಎಂದು ಆಮೇಲೆ ಕೇಳಿದೆ. ಯಾರೊಬ್ಬರೂ ಅದರ ಬಗ್ಗೆ ಚಕಾರ ಎತ್ತಲಿಲ್ಲ. ಇವತ್ತಿಗೂ ನನ್ನ ಮಗಳು ಊರಿಗೆ ಹೋದರೆ, "ಊರಾಲೆಲ್ಲ ಕೆಡುಸ್ಬುಟ್ಟು ಉಟ್ಟಿದೋಳು ಇವಳೇಯಾ?" ಎಂದು ಮುದುಕರು ಕೆನ್ನೆ ಹಿಂಡುತ್ತಾರೆ.

ವ್ಯಾನಿನೊಳಗೆ ಹಾಸಿಗೆ ಹಾಕಿ ಮಲಗಿಸಿದರು. ಗಂಡ ಡ್ರೈವರಿನ ಪಕ್ಕ ಹತ್ತಿ ಕೂತರು. ಅತ್ತೆ ನನ್ನ ಕಾಲುಗಳನ್ನು ತಮ್ಮ ತೊಡೆಯ ಮೇಲೆ ಎತ್ತಿಟ್ಟುಕೊಂಡು ಕೂತರು. ನರಸೀಪುರದ ಆಸ್ಪತ್ರೆಯಲ್ಲಿ ಡಾಕ್ಟರು ನಾಡಿ ನೋಡಿ, ಬೇಗ ಬೇಗ ಸಲೈನ್ ಹಾಕಿ, ಮೈಸೂರಿಗೆ ಫೋನ್ ಮಾಡಿ ತಿಳಿಸಿ, ಇಲ್ಲಿ ತಡ ಮಾಡುವುದು ಬೇಡ ಎಂದು ಒಬ್ಬ ನರ್ಸನ್ನೂ ಜೊತೆಗೆ ಹತ್ತಿಸಿ ಅದೇ ವ್ಯಾನಿನಲ್ಲಿ ಕಳಿಸಿದರು. ಪೇಟೆ ದಾಟಿದ ಮೇಲೆ ಗಾಡಿಯ ಸದ್ದು ಬದಲಾಯಿತು. ಸೇತುವೆ ಬಂದಿದೆ ಎಂದು ನನಗೆ ಗೊತ್ತಾಯಿತು. ಅತ್ತೆ ತಟ್ಟನೆ ಬಗ್ಗಿ ತಮ್ಮ ಸೆರಗನ್ನು ನನ್ನ ಮುಖದ ಮೇಲೆ ಹೊದಿಸಿದರು.

"ಏನು ಅತ್ತೆ ಇದು?"

"ಸುಮ್ಕಿರಮ್ಮಿ. ಅದ್ರ ಕಣ್ಗೆ ನೀನು ಬೀಳ್ಬಾರ್ದು."

ಅಷ್ಟು ರಕ್ತ ಹೋಗುತ್ತಿದ್ದರೂ ನನಗೆ ನಗು ಬಂತು. ಸಗಣಿ, ವಿಭೂತಿ, ಹಾಲು ಎಲ್ಲ ಬೆರೆತ ವಾಸನೆಯ ಆ ಸೆರಗಿನ ಕೆಳಗೆ, ಕೆಳಗಡೆ ಕಪಿಲೆ ಹರಿಯುತ್ತಿರುವಾಗ, ನಾನು ನಡುಗುತ್ತ ನಗುತ್ತಿದ್ದೆ. ಸೇತುವೆ ಮುಗಿದ ಮೇಲೆ ಅತ್ತೆ ಸೆರಗು ತೆಗೆದರು. ಅವರ ಹಣೆಯ ವಿಭೂತಿ ಬೆವರಿಗೆ ಕರಗಿ ಹೋಗಿತ್ತು.

ಮೈಸೂರಿನ ಆಸ್ಪತ್ರೆಯಲ್ಲಿ ನಮ್ಮನ್ನು ನೋಡಿದವರು ಒಬ್ಬ ಹಿರಿಯ ಡಾಕ್ಟರಮ್ಮ. ಸ್ಕ್ಯಾನಿಂಗಿನಲ್ಲಿ ನರ್ಸಮ್ಮನ ಊಹೆ ನಿಜವಾಯಿತು. ಮಾಸು ಗರ್ಭದ ಬಾಯಿಯನ್ನು ಪೂರ್ತಿ ಮುಚ್ಚಿಕೊಂಡು ಕೂತಿತ್ತು. ಮಗುವಿನ ಎದೆಬಡಿತ ಚೆನ್ನಾಗಿದೆ, ಈಗಲೇ ಆಪರೇಷನ್ ಮಾಡಿ ತೆಗೆಯುತ್ತೇವೆ ಎಂದರು. ನನ್ನನ್ನು ಸ್ಟ್ರೆಚರಿನ ಮೇಲೆ ಮಲಗಿಸಿದ್ದರು. ಅತ್ತೆ ಪಕ್ಕದಲ್ಲಿ ನಿಂತು ಡಾಕ್ಟರಮ್ಮನನ್ನು ಕೇಳಿದ ಮಾತು ನನ್ನ ಕಿವಿಗೆ ಚೆನ್ನಾಗಿ ಬಿತ್ತು.

"ಡಾಕ್ಟ್ರವ್ವ, ಒಳೆ ದಾಟಿದ್ಕೆ ಇಂಗಾಯ್ತಾ?"

ಡಾಕ್ಟರಮ್ಮ ನಗಲಿಲ್ಲ, ಬೈಯಲಿಲ್ಲ. "ರಕ್ತ ಯಾವಾಗ ಶುರುವಾಯ್ತಮ್ಮ?" ಎಂದು ಕೇಳಿದರು.

"ಒತ್ತಾರೆ, ಮನೇಲಿ. ಓದ ವಾರಾನೂ ಒಂದ್ ದಪ ಕಾಣಿಸ್ಕಂಡಿತ್ತು."

"ಹಾಗಾದ್ರೆ ಹೊಳೆ ದಾಟೋಕೆ ಮುಂಚೇನೇ ಬಂದಿದೆಯಲ್ಲ? ಮಾಸು ಅಲ್ಲಿ ಕೂತಿದ್ದು ಬಸುರು ಕಟ್ಟಿದ ಶುರುವಿನಲ್ಲೇ. ಅದಕ್ಕೂ ಹೊಳೆಗೂ ಏನು ಸಂಬಂಧ?"

ಅತ್ತೆ ಸ್ಟ್ರೆಚರಿನ ಕಂಬಿ ಹಿಡಿದುಕೊಂಡರು.

"ನಂಗೂ ಮುಂಚೇನೇ ಬಂದಿತ್ತು," ಅಂದರು.

ಡಾಕ್ಟರಮ್ಮ ತಿರುಗಿ ನಿಂತರು.

"ತಮ್ಮನ ಮದ್ವೆ ಕಣವ್ವ. ನನ್ ತವ್ರು ಒಳೆ ಆಚೆ. ದಿನ ತುಂಬ್ತಾ ಅದೆ, ಒಳೆ ದಾಟ್ಬೇಡ ಅಂದ್ರು. ನಾನು ಅಟ ಮಾಡಿ ದೋಣಿ ಅತ್ದೆ. ಅದ್ಕೂ ಮುಂಚೆ ಮನೇಲೇ ಒಂದ್ ದಪ ಇಂಗೇ ಕೆಂಪ್ಗೆ ಓಗಿತ್ತು, ನೋವೇ ಇರ್ಲಿಲ್ಲ. ನಮ್ಮತ್ತೆ ಎಳ್ನೀರು ಕೊಟ್ಳು, ನಿಂತೋಯ್ತು. ಆಮ್ಯಾಕೆ ಆಚೆ ದಡ ಮುಟ್ಟೊತ್ಗೆ ಸುರ್ಕಂಬುಡ್ತು. ಎಣ್ಣು ಕೂಸು. ಉಸ್ರೇ ಆಡ್ಲಿಲ್ಲ." ಅತ್ತೆ ಮೂಗು ಒರೆಸಿಕೊಂಡರು. "ಒಳೆಗೆ ಕೂಸ ಕೊಟ್ಟೋಳು ಅಂದ್ರು ನನ್ನ. ನನ್ ಅಟಕ್ಕೆ ಸತ್ತೋಯ್ತು ಅಂದ್ರು. ನಾನೂ ಅಂಗೇ ಅಂದ್ಕಂಡೆ."

ಡಾಕ್ಟರಮ್ಮ ಅತ್ತೆಯ ಭುಜದ ಮೇಲೆ ಕೈ ಇಟ್ಟರು. "ನೀವು ಮನೆ ಬಿಟ್ಟು ಅಲ್ಲಾಡದಿದ್ರೂ ಆ ರಕ್ತ ಬರ್ತಿತ್ತಮ್ಮ. ಈ ಹುಡುಗಿಗೆ ಆಗಿರೋದೇ ನಿಮಗೂ ಆಗಿದ್ದಿರಬೇಕು. ಹೊಳೆಯದೂ ತಪ್ಪಲ್ಲ, ನಿಮ್ಮದೂ ಅಲ್ಲ. ಆ ಕಾಲದಲ್ಲಿ ನೀವು ಬದುಕಿದ್ದೇ ದೊಡ್ಡದು."

ನಾನು ಮಲಗಿದ್ದಲ್ಲಿಂದ ಅತ್ತೆಯ ಮುಖ ನೋಡಿದೆ. ಅಷ್ಟು ವರ್ಷ ಹೊಳೆಯ ಮಾತೆತ್ತಿದಾಗೆಲ್ಲ ಆ ಮುಖದಲ್ಲಿ ಬೀಳುತ್ತಿದ್ದ ಗಂಟು ಏನೆಂದು ಆಗ ತಿಳಿಯಿತು. ಅವರು ಅಳುತ್ತಾರೆ ಅಂದುಕೊಂಡೆ. ಅವರು ಅಳುವ ಗೋಜಿಗೇ ಹೋಗದೆ, ಕೊಟ್ಟಿಗೆಯಲ್ಲಿ ಕೆಲಸಕ್ಕೆ ಇಳಿಯುವಾಗ ಮಾಡುವಂತೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು.

"ಈಗೇನ್ ಬೇಕು ಏಳಿ."

"ರಕ್ತ ಬೇಕು. ಇವಳದು ಬಿ ಪಾಸಿಟಿವ್. ನಿಮ್ಮ ಕಡೆಯವರು ಯಾರಾದ್ರೂ ಕೊಡ್ತಾರಾ?"

ನನ್ನ ಗಂಡನ ರಕ್ತ ಹೊಂದಲಿಲ್ಲ. ಪರೀಕ್ಷೆಗೆಂದು ಬೆರಳು ಚುಚ್ಚಿದ್ದಕ್ಕೇ ಅವರು ತಲೆ ಸುತ್ತಿ ಬೆಂಚಿನ ಮೇಲೆ ಕೂತಿದ್ದರಂತೆ. ಅತ್ತೆ ಮಗನನ್ನು ಒಮ್ಮೆ ನೋಡಿ, "ಎಳೇ ಕರ ಆಡ್ದಂಗೆ ಆಡ್ತೀಯಲ್ಲೋ" ಎಂದು ಬೈದು ತಮ್ಮ ತೋಳು ಚಾಚಿದರು. ಅವರದು ಬಿ ಪಾಸಿಟಿವ್. ರಾಗಿಮುದ್ದೆ ತಿಂದು ಗಟ್ಟಿಯಾದ ಮೈ, ವಯಸ್ಸೂ ಐವತ್ತರ ಆಸುಪಾಸು, ಯಾವುದಕ್ಕೂ ಅಡ್ಡಿಯಿರಲಿಲ್ಲ. ಬೇಕಾದ ಉಳಿದ ರಕ್ತ ರಕ್ತನಿಧಿಯಿಂದ ಬಂತು.

ಬೆನ್ನಿಗೆ ಸೂಜಿ ಚುಚ್ಚಿ ಸೊಂಟದ ಕೆಳಗೆ ಮರಗಟ್ಟಿಸಿದ್ದರು, ಆದರೆ ಎಚ್ಚರವಿತ್ತು. ಹಸಿರು ಬಟ್ಟೆಯ ಪರದೆಯ ಆಚೆ ಏನೇನೋ ಸದ್ದು. ಸುಮ್ಮನೆ ಮೇಲಿನ ದೀಪ ನೋಡುತ್ತ ಮಲಗಿದ್ದೆ. ಆಮೇಲೆ ಒಂದು ಕೂಗು. ಸಣ್ಣದಲ್ಲ, ಆಪರೇಷನ್ ಕೋಣೆಯನ್ನೇ ತನ್ನದು ಮಾಡಿಕೊಂಡ ಕೂಗು. "ಹೆಣ್ಣು ಮಗು," ಅಂದರು ಡಾಕ್ಟರಮ್ಮ, "ಗಂಟಲು ಅಜ್ಜಿಯದೇ ಇರಬೇಕು." ನನ್ನ ಜೀವನದಲ್ಲಿ ಅಷ್ಟು ಸಂತೋಷವನ್ನು ನಾನು ಆಮೇಲೆ ಕಂಡಿಲ್ಲ, ಕಾಣುವ ಆಸೆಯೂ ಇಲ್ಲ. ಗೆದ್ದೆವು, ನಾವು ಮೂವರೂ ಗೆದ್ದೆವು ಎಂದು ಒಳಗೊಳಗೇ ಕುಣಿಯುತ್ತಿದ್ದೆ, ಸೊಂಟದ ಕೆಳಗೆ ಏನೂ ಅಲ್ಲಾಡುತ್ತಿರಲಿಲ್ಲ ಅಷ್ಟೆ.

ವಾರ್ಡಿನಲ್ಲಿ ಅತ್ತೆ ಮಗುವನ್ನು ಯಾರ ಕೈಗೂ ಕೊಡಲಿಲ್ಲ. ಅಕ್ಕಪಕ್ಕದ ಮಂಚದ ಬಾಣಂತಿಯರಿಗೆಲ್ಲ, "ನನ್ ಸೊಸೆ ಮದ್ವೆ ಆದಾಗ್ನಿಂದ್ಲೂ ನನ್ ರಕ್ತ ಕುಡೀತಿದ್ಲು. ಈಗ ಡಾಕ್ಟ್ರೇ ಬಾಟ್ಲಿಗೆ ತುಂಬಿ ಕುಡುಸ್ಬುಟ್ರು" ಎಂದು ಹೇಳಿ ನಗಿಸಿದರು. ನಂಜನಗೂಡಿನಿಂದ ಬಂದಿದ್ದ ನನ್ನ ತಾಯಿ ಬಾಣಂತನಕ್ಕೆ ತವರಿಗೆ ಕರೆದರೆ, ಅತ್ತೆ ಸಾರಾಸಗಟಾಗಿ ತಿರಸ್ಕರಿಸಿದರು. ತಾಯಿಯೇ ನಮ್ಮ ಊರಿಗೆ ಬಂದು ಉಳಿದರು, ಹಾಗಾಗಿ ನನಗೆ ಎರಡೂ ಕಡೆಯ ಉಪಚಾರ ಸಿಕ್ಕಿತು, ಜೊತೆಗೆ ಎರಡೂ ಕಡೆಯ ಬೈಗುಳ.

ಊರಿಗೆ ವಾಪಸು ಬರುವಾಗ ನರಸೀಪುರದ ಸೇತುವೆ ಹತ್ತಿರವಾಗುತ್ತಿದ್ದ ಹಾಗೆ ಅತ್ತೆ ಮೈಸೂರಿನಿಂದ ಹಿಡಿದು ಬಂದಿದ್ದ ಬಾಡಿಗೆ ಕಾರು ನಿಲ್ಲಿಸಲು ಹೇಳಿದರು. ಮಗುವನ್ನು ನನ್ನ ಮಡಿಲಿಗೆ ಕೊಟ್ಟು, ಒಬ್ಬರೇ ದಡಕ್ಕೆ ಇಳಿದುಹೋದರು. ಚಳಿಗಾಲದ ಕಪಿಲೆ, ನೀರು ತೆಳ್ಳಗೆ ಹರಿಯುತ್ತಿತ್ತು. ಮೊದಲು ಕಾಲ ಬೆರಳು ಇಟ್ಟರು. ಆಮೇಲೆ ಮೊಣಕಾಲು ಮಟ್ಟ ಇಳಿದು, ಬೊಗಸೆಯಲ್ಲಿ ನೀರೆತ್ತಿ ಮುಖಕ್ಕೆ ಹಾಕಿಕೊಂಡರು. ಅವರ ತುಟಿ ಅಲ್ಲಾಡುತ್ತಿದ್ದುದು ಕಾರಿನಿಂದ ಕಾಣಿಸುತ್ತಿತ್ತು. ಹತ್ತಿ ಬಂದ ಮೇಲೆ ಏನು ಹೇಳಿದಿರಿ ಎಂದು ಕೇಳಿದೆ.

"ಸುಮ್ಸುಮ್ನೆ ನಿನ್ ಮ್ಯಾಲೆ ಕ್ವಾಪ ಮಾಡ್ಕಂಡಿದ್ದೆ, ಮನಸ್ಗೆ ಅಚ್ಕಬ್ಯಾಡ ಅಂದೆ ಕಣಮ್ಮಿ," ಅಂದರು. ಆ ವರ್ಷದ ಹಬ್ಬಕ್ಕೆ ಊರಿನವರ ಜೊತೆ ಸಂಗಮಕ್ಕೆ ಹೊರಟವರಲ್ಲಿ ಎಲ್ಲರಿಗಿಂತ ಮುಂದೆ ಅವರೇ ಇದ್ದರು.

ಅತ್ತೆ ಉಷ್ಣ ಶೀತಗಳನ್ನು ಬಿಟ್ಟರು ಅಂತ ಯಾರೂ ತಿಳಿಯಬಾರದು. ಕಣ್ಣು ಕೆಂಪಾದರೆ ಈಗಲೂ ಹರಳೆಣ್ಣೆಯೇ. ಆದರೆ ಬಸುರಿಯ ರಕ್ತದ ಮಾತು ಬಂದರೆ ಅವರು ಬೇರೆಯೇ ಮನುಷ್ಯರಾಗುತ್ತಿದ್ದರು. ನರ್ಸಮ್ಮನನ್ನು ಕೂರಿಸಿಕೊಂಡು, ಯಾವ ರಕ್ತ ಹೇಗೆ, ಯಾವ ನೋವು ಎಂಥದು ಎಂದು ಮತ್ತೆ ಮತ್ತೆ ಕೇಳಿ ತಿಳಿದುಕೊಂಡಿದ್ದರು.

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವು. ಊರಿಗೆ ಮೊಬೈಲು ಬಂದಿತ್ತು, ಬಾಡಿಗೆ ಕಾರು ಬಂದಿತ್ತು. ಒಂದು ಮಧ್ಯಾಹ್ನ ಎದುರು ಮನೆಯ ಸೊಸೆ ನರಳುವುದು ಕೇಳಿಸಿತು. ಅವಳಿಗೆ ದಿನ ತುಂಬಲು ಇನ್ನೂ ಸಮಯವಿತ್ತು, ಕೈಕಾಲು ಊದಿಕೊಂಡಿದ್ದವು. ನಾವು ಹೋದಾಗ ಅವಳ ಅತ್ತೆ ಬಿಸಿನೀರು ಕಾಯಿಸುತ್ತಿದ್ದರು.

"ಒಂಚೂರು ರಕ್ತ ಕಾಣಿಸ್ತು, ನೋವೂ ಬಂದದೆ. ಎರಿಗೆ ಆಯ್ತದೆ ಅಷ್ಟೆಯಾ," ಅಂದರು ಆಕೆ.

ನಮ್ಮ ಅತ್ತೆ ಆ ಹುಡುಗಿಯ ಪಕ್ಕ ಕೂತು ಹೊಟ್ಟೆಯ ಮೇಲೆ ಕೈಯಿಟ್ಟರು. ಇಟ್ಟ ಕೈ ತೆಗೆಯಲಿಲ್ಲ, ಕಾದರು. "ನೋವು ಬಂದು ಓಯ್ತದಾ, ಇಲ್ಲ ಇದ್ದಂಗೇ ಅದಾ?" ಎಂದು ಕೇಳಿದರು.

"ಬಿಡ್ತಾನೇ ಇಲ್ಲ ದೊಡ್ಡವ್ವ," ಎಂದಳು ಹುಡುಗಿ.

"ಎರಿಗೆ ನೋವಾದ್ರೆ ಬಂದು ಓಗ್ಬೇಕು, ನಡುವೆ ಒಟ್ಟೆ ಸಡಿಲ ಆಗ್ಬೇಕು. ಇದು ಕಲ್ಲಾಗಿ ಕುಂತದೆ." ಅತ್ತೆ ಎದ್ದು ನನ್ನ ಕಡೆ ತಿರುಗಿದರು. "ಕಾರಿಗೆ ಫೋನ್ ಮಾಡಮ್ಮಿ. ಆಸ್ಪತ್ರೆಗೂ ಮಾಡು, ಮಾಸು ಕಿತ್ಕಂಡಂಗದೆ ಅಂತ ಏಳು, ಬರೋದ್ರೊಳಗೆ ತಯಾರಾಗಿರ್ಲಿ."

ಆ ಮನೆಯವರು ಒಪ್ಪಲಿಲ್ಲ. ರಕ್ತ ಇಷ್ಟೇ ಇಷ್ಟು ಇದೆಯಲ್ಲ ಅಂದರು. ಮೈಸೂರಿಗೆ ಅಂದರೆ ಹೊಳೆ ದಾಟಬೇಕಲ್ಲ, ಬಸುರಿ ಹೆಂಗಸು ಅಂದರು. ಬೀದಿಯ ಜನ ಬಾಗಿಲಲ್ಲಿ ಸೇರಿದ್ದರು. ಆಗ ಅತ್ತೆ ಜಗಲಿಯ ಮೇಲೆ ನಿಂತು, ಅಲ್ಲಿಯವರೆಗೆ ಊರಲ್ಲಿ ಯಾರ ಮುಂದೆಯೂ ಆಡದ ಮಾತನ್ನು ಎಲ್ಲರಿಗೂ ಕೇಳುವಂತೆ ಆಡಿದರು.

"ನನ್ ಮಗ್ಳನ್ನ ಒಳೆ ತಿಂತು ಅಂದ್ರಿ. ಒಳೆ ತಿನ್ಲಿಲ್ಲ ಕಣ್ರಪ್ಪ! ರಕ್ತ ಬಂದ ದಿನ ಸುಮ್ನೆ ಕುಂತ್ಕಂಡ್ವಲ್ಲ, ಅದು ತಿಂತು. ಈ ಮನೆ ಕೂಸ ಒಳೆ ಮ್ಯಾಲೆ ಆಕ್ಬ್ಯಾಡಿ. ಏಳ್ರಿ ಮ್ಯಾಕೆ!"

ಎಲ್ಲರೂ ಎದ್ದರು. ಕಾರು ಬಂದ ತಕ್ಷಣ ಹುಡುಗಿಯನ್ನು ಹತ್ತಿಸಿದೆವು, ಅತ್ತೆ ಅವಳ ತಲೆಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ಹೊರಟರು. ಸಂಜೆಗೆ ಫೋನು ಬಂತು. ಆಪರೇಷನ್ ಆಗಿದೆ, ಒಳಗೆ ಬಹಳ ರಕ್ತ ಕಟ್ಟಿಕೊಂಡಿತ್ತಂತೆ, ಇನ್ನು ಸ್ವಲ್ಪ ತಡವಾಗಿದ್ದರೆ ಇಬ್ಬರೂ ಉಳಿಯುತ್ತಿರಲಿಲ್ಲವಂತೆ. ತಾಯಿ ಹುಷಾರು. ಮಗು ಸಣ್ಣದು, ಆದರೆ ಅಳುತ್ತಿದೆ.

ಕೆಲವು ವಾರಗಳ ಮೇಲೆ ಆ ಬಾಣಂತಿ ಆಸ್ಪತ್ರೆಯಿಂದ ಬಂದವಳು, ತನ್ನ ಮನೆಯಲ್ಲಿ ಆರತಿ ಎತ್ತಿಸಿಕೊಂಡು, ನೇರವಾಗಿ ನಮ್ಮ ಜಗಲಿಗೆ ಬಂದು ಮಗುವನ್ನು ಅತ್ತೆಯ ಮಡಿಲಲ್ಲಿ ಮಲಗಿಸಿದಳು. ನನ್ನ ಮಗಳು ಸ್ಕೂಲಿನಿಂದ ಬಂದವಳು ಚೀಲವನ್ನೂ ಇಳಿಸದೆ ಅಜ್ಜಿಯ ಭುಜಕ್ಕೆ ಒರಗಿ, ಆ ಮಗುವಿನ ಮುಷ್ಟಿ ಬಿಡಿಸುತ್ತ ಕೂತಳು. ಅತ್ತೆ ಇಬ್ಬರನ್ನೂ ನೋಡಿದರು. ಆಮೇಲೆ ನನ್ನನ್ನು ಕರೆದರು.

"ಅವ್ಳು ಬದುಕ್ಲಿಲ್ಲ ಕಣಮ್ಮಿ, ನನ್ ಮಗ್ಳು," ಅಂದರು. "ಆದ್ರೆ ನೋಡಿಲ್ಲಿ. ಎಲ್ಡು ಕೂಸ ಬದುಕುಸ್ಬುಟ್ಲು."